ಗರಡಿಮನೆಯ ವಿದ್ಯೆ

ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ ಮಲ್ಲವಿದ್ಯೆಯ ಪ್ರಸ್ತಾಪವೇಕೆಂದು ಭಕ್ತಮಹಾಶಯರಲ್ಲಿ ಕೆಲವರಿಗೆ ಶಂಕೆ ಹುಟ್ಟಬಹುದು. ಅಕ್ಷರ ಕಲಿಸುವ ಪಾಠಶಾಲೆಯಂತೆಯೇ ಗರಡಿಯೂ ನಮ್ಮ ಊರುಗಳಲ್ಲಿ ಒಂದು ವಿದ್ಯಾಸ್ಥಾನವಾಗಿದ್ದಿತು. ಅಲ್ಲಿಯೂ ಗುರುವಿದ್ದನು, ಶಿಷ್ಯರಿದ್ದರು, ಪಾಠಕ್ರಮವಿದ್ದಿತು. ಆ ಪಾಠಕ್ರಮವು ಬಹುಮಟ್ಟಿಗೆ ಗ್ರಂಥಸ್ಥವಾಗದೆ ದೇಹದಿಂದ ದೇಹಕ್ಕೆ ಇಳಿದುಬಂದುದಾದ್ದರಿಂದ, ಕಲಿಸುವವನು ಹೋದೊಡನೆ ವಿದ್ಯೆಯೂ ಅವನ ಹಿಂದೆಯೇ ಹೋಗುವುದು. ಆದಕಾರಣ ಗರಡಿಯಲ್ಲಿ ಶಿಷ್ಯನು ಕಲಿಯುತ್ತಿದ್ದುದು ಏನೆಂಬುದನ್ನು ಈಗಲೇ ವಿಚಾರಿಸಿಡುವುದು ಅನುಚಿತವಾಗದು.

ಗ್ರಂಥಸ್ಥವಾದ ಸ್ವಲ್ಪ ಭಾಗವಾದರೂ ನಮ್ಮ ನಾಡಿನಲ್ಲಿಯೇ ಹುಟ್ಟಿದುದೆಂಬುದು ಸಂತೋಷದ ಸಂಗತಿ. ಶರಣರ ಕಾಲಕ್ಕೆ ಕೆಲವೇ ದಶಕಗಳ ಹಿಂದೆ, ಅದೇ ಕಲ್ಯಾಣಪಟ್ಟಣದಿಂದ ರಾಜ್ಯವಾಳಿದ ಚಾಳುಕ್ಯ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇರುವುದು. ಭೂಲೋಕಮಲ್ಲನೆಂಬುದು ಈ ಅರಸನ ಬಿರುದು. ತ್ರಿಭುವನಮಲ್ಲನೆಂಬುದು ಇವನ ತಂದೆಯ ಬಿರುದು. ಮಲ್ಲಶಬ್ದಕ್ಕೆ ಆ ಮನೆತನದಲ್ಲಿ ಎಷ್ಟು ಗೌರವವಿದ್ದಿತೆಂಬುದನ್ನು ಇದರಿಂದ ಊಹಿಸಬಹುದು. ಜಟ್ಟಿಗಳನ್ನು ವಯಸ್ಸು, ಗಾತ್ರ, ಬಲ ಇವುಗಳಿಗನುಸಾರವಾಗಿ ವಿಂಗಡಿಸಬೇಕೆಂದೂ, ಅವರ ಹಾಲು, ಸಕ್ಕರೆ, ಬೇಳೆಕಾಳುಗಳ ಭಾರವನ್ನು ದೊರೆಯೇ ವಹಿಸಬೇಕೆಂದೂ ಆ ಪ್ರಕರಣದಲ್ಲಿ ವಿಧಿಸಿದೆ. ಭಾರವನ್ನೆತ್ತುವುದು, ನಡಿಗೆ, ನೀರಿನಲ್ಲಿ ಶ್ರಮಿಸುವುದು, ಕಂಬದ ಮೇಲಣ ಸಾಧನೆ, ಇವೆಲ್ಲಕ್ಕೂ ಅಲ್ಲಿ ಶ್ರಮವೆಂದೇ ಹೆಸರು. ಪಟ್ಟುಗಳ ಹೆಸರುಗಳನ್ನೂ ಕೊಟ್ಟಿರುವನು. ಆದರೆ ಪಟ್ಟನ್ನು ಹಾಕುವುದು ಹೇಗೆಂಬುದನ್ನು ವಿವರಿಸಿಲ್ಲ. ಅದು ಗ್ರಂಥದ ಕೆಲಸವಲ್ಲ, ಗುರುವಿನ ಕೆಲಸ.

ಆ ಗುರುವಿನ ಪಾಠವು ಹೇಗಿದ್ದಿತೆಂಬುದಕ್ಕೆ ಹಳೆಯ ಮೈಸೂರು ಸೀಮೆಯ ಗರಡಿಗಳೇ ಸಾಕ್ಷಿ. ಗರಡಿಯ ಬಾಗಿಲು ಸಾಮಾನ್ಯವಾಗಿ ಕಿರಿದು. ಎಂತಹ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಹೊಗಬೇಕು. ಒಳಗೆ ಹನುಮಂತನ ಸನ್ನಿಧಿ, ನಡುವೆ ಕೆಮ್ಮಣ್ಣಿನ ಮಟ್ಟಿ. ಹೊಸದಾಗಿ ಬಂದ ಹುಡುಗನ ಕೈಗೆ ಮೊದಲು ಸಿಕ್ಕುವುದು ಎದುರಾಳಿಯ ತೋಳಲ್ಲ, ಗುದ್ದಲಿ! ಮಟ್ಟಿಯನ್ನು ಅಗೆಯಬೇಕು, ಹೆಂಟೆಯನ್ನೊಡೆಯಬೇಕು, ಕಲ್ಲುಹರಳನ್ನು ಆರಿಸಿ ತೆಗೆಯಬೇಕು. ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರಸಿ ಮಣ್ಣನ್ನು ಹದಮಾಡಬೇಕು. ಇದನ್ನು ಬರಿಯ ಊಳಿಗವೆಂದು ತಿಳಿಯತಕ್ಕದ್ದಲ್ಲ. ಮಣ್ಣಗೆಯುವುದರಿಂದಲೇ ಸೊಂಟಕ್ಕೂ ಭುಜಕ್ಕೂ ಬಲವುಂಟಾಗುವುದು. ಅಲ್ಲದೆ ತಾನು ಆರಿಸದೆ ಬಿಟ್ಟ ಒಂದು ಹರಳು ಜೊತೆಗಾರನ ಬೆನ್ನನ್ನು ಸೀಳುವುದೆಂಬ ಎಚ್ಚರವು ಅವನಲ್ಲಿ ಬೇರೂರುವುದು. ನಮ್ಮ ಪಾಠಶಾಲೆಯಲ್ಲಿಯೂ ಅರ್ಥ ತಿಳಿಯುವ ಮುನ್ನವೇ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಆಗ ನಮಗೆ ಅದು ಬೇಸರವೇ ಆಗಿದ್ದಿತು. ಅದರ ಫಲವು ಕಂಡುದು ಬಹುಕಾಲದ ಮೇಲೆ.

ಅನಂತರ ಸಾಮು. ದಂಡ, ಬಸ್ಕಿ, ಗದೆ, ಕಲ್ಲುಗುಂಡು, ಇವುಗಳ ಲೆಕ್ಕವನ್ನು ವಸ್ತಾದನು ಆಯಾ ಶಿಷ್ಯನ ಉಸಿರನ್ನು ನೋಡಿ ಏರಿಸುವನು. ಹುರುಪಿನಿಂದ ಹೆಚ್ಚು ಮಾಡಿದವನಿಗೂ ಕಡಮೆ ಮಾಡಿದವನಿಗೂ ಬೈಗುಳು ಸಮಾನವೇ. ಆ ಮೇಲೆ ಬೀಳುವುದನ್ನು ಕಲಿಸುವರು. ಚೆನ್ನಾಗಿ ಬೀಳಬಲ್ಲವನಿಗೆ ಭಯವಿಲ್ಲ. ಭಯವಿಲ್ಲದವನು ಸಿಟ್ಟಾಗುವುದೂ ಅಪರೂಪ. ಪಟ್ಟುಗಳ ಪಾಠವು ಇಷ್ಟೆಲ್ಲ ಆದಮೇಲಿನದು, ಮತ್ತು ಪ್ರತಿಯೊಂದು ಪಟ್ಟಿನ ಜೊತೆಗೆ ಅದನ್ನು ಬಿಡಿಸಿಕೊಳ್ಳುವ ಮಾರ್ಗವನ್ನೂ ಹೇಳಿಕೊಡುವರು. ಕಾದುವ ಮುನ್ನ ಮಣ್ಣನ್ನು ಹಣೆಗೊತ್ತಿಕೊಂಡು, ಎದುರಾಳಿಯ ಮೈಗೂ ಮಣ್ಣೆರಚುವ ಪದ್ಧತಿಯುಂಟು. ಎಣ್ಣೆ ಬೆವರುಗಳಿಂದ ಜಾರುವ ಮೈಯಲ್ಲಿ ಇಬ್ಬರಿಗೂ ಸಮಾನವಾದ ಹಿಡಿತ ಸಿಕ್ಕಲೆಂಬುದೇ ಅದರ ಉದ್ದೇಶ.

ಅರಸರೂ ಈ ಶ್ರಮಕ್ಕೆ ಹೊರತಾಗಿರಲಿಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಕೃಷ್ಣದೇವರಾಯನ ಪ್ರಾತಃಕಾಲವನ್ನು ವರ್ಣಿಸಿರುವನು. ರಾಯನು ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ಪೂಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿವರಸೆ ಮಾಡಿ, ಬಳಿಕ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕಾದುತ್ತಿದ್ದನಂತೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಮಲ್ಲರ ಜೋಡಿಗಳನ್ನು ಇಂದಿಗೂ ನೋಡಬಹುದು.

ರಾಜಾಶ್ರಯದ ಇನ್ನೊಂದು ಮುಖವನ್ನು ಮುಚ್ಚಿಡುವುದು ಇತಿಹಾಸಕಾರನಿಗೆ ತಕ್ಕುದಲ್ಲ. ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಕೈದಿಗಳ ಕತ್ತನ್ನು ಜಟ್ಟಿಗಳಿಂದ ತಿರುಚಿಸಿ ಕೊಲ್ಲಿಸುತ್ತಿದ್ದರೆಂದು ಆಂಗ್ಲರ ಬರೆಹಗಳಿಂದ ತಿಳಿದುಬರುತ್ತದೆ. ಆಂಗ್ಲರು ಶತ್ರುಪಕ್ಷದವರೆಂಬುದನ್ನು ಮರೆಯದೆಯೇ ಆ ಮಾತನ್ನು ಓದಬೇಕು; ಆದರೂ ಪೂರ್ತಿಯಾಗಿ ತಳ್ಳಿಹಾಕಲಾಗದು. ಜೊತೆಗಾರನ ಬೆನ್ನಿಗೆ ಹರಳು ತಾಗದಂತೆ ಮಣ್ಣು ಜರಡಿ ಹಿಡಿಯಲು ಕಲಿತ ಕೈಯನ್ನೇ ಕಟ್ಟಿಹಾಕಿದ ಮನುಷ್ಯನ ಮೇಲೆ ಪ್ರಯೋಗಿಸಿದರು! ದೋಷವು ಆಜ್ಞೆಯಿತ್ತವರದೆಂದೇ ನಮ್ಮ ಅಭಿಪ್ರಾಯ. ಅನ್ನ ಹಾಕಿದವನ ಮಾತನ್ನು ಮೀರುವ ಪಾಠವು ಗರಡಿಯಲ್ಲಿರಲಿಲ್ಲವೆಂಬುದನ್ನೂ ಒಪ್ಪಲೇಬೇಕು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಾದರೋ, ತಲೆ ಬೋಳಿಸಿಕೊಂಡ ಜಟ್ಟಿಗಳಲ್ಲಿ ಒಬ್ಬನಿಗೆ ರಕ್ತವು ಕಾಣಿಸಿಕೊಂಡೊಡನೆಯೇ ನಿಲ್ಲಿಸುವರು. ನಿಲ್ಲಿಸಬೇಕಾದ ಗಡಿಯು ಅಲ್ಲಿ ಮೊದಲೇ ನಿಶ್ಚಿತವಾಗಿದೆ.

ಉತ್ತರದ ಜಿಲ್ಲೆಗಳ ತರುಣರು ಕೊಲ್ಲಾಪುರದ ತಾಲೀಮುಗಳಿಗೆ ಹೋಗಿ ಕಲಿತರು. ಛತ್ರಪತಿ ಶಾಹು ಮಹಾರಾಜರು ಅಲ್ಲಿ ಈ ವಿದ್ಯೆಯ ಮಹಾಪೋಷಕರಾಗಿದ್ದರು. ಆ ಸೀಮೆಯ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವರು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾಟಿನ ಮೇಲಣ ಕುಸ್ತಿಯ ರೂಢಿಯಿಲ್ಲದೆ ಆರನೆಯವರಾಗಿ, ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಪಡೆದರು. ಈಗಿನ ಹುಡುಗರು ಮ್ಯಾಟಿನ ಮೇಲೆಯೇ ಅಭ್ಯಾಸ ಮಾಡಬಯಸುವುದು ಸಹಜ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಮ್ಯಾಟನ್ನು ಅಗೆಯಬೇಕಾಗಿಲ್ಲವಾದ್ದರಿಂದ ಆ ಮೊದಲನೆಯ ಪಾಠಕ್ಕೆ ಅಲ್ಲಿ ಸ್ಥಳವಿಲ್ಲ.

ಮಟ್ಟಿಯಾದರೋ, ಕೆಲವು ದಿನ ಅಗೆಯದೆ ಬಿಟ್ಟರೆ ಬಿಗಿದು ನೆಲವಾಗಿಬಿಡುವುದು. ಸೋಮೇಶ್ವರನು ದೊರೆಯ ಪಾಲಿಗೆ ಹೊರಿಸಿದ ವೆಚ್ಚವನ್ನು ಈಗ ಗರಡಿಯ ನಾಲ್ಕಾರು ಮಂದಿ ಹಿರಿಯರು ಕೈಯಿಂದ ಹಾಕಿ ನಡಸುತ್ತಿರುವ ಊರುಗಳುಂಟು. ಈ ಮಹೋತ್ಸವ ಮುಗಿಸಿಕೊಂಡು ಸ್ವಗ್ರಾಮಗಳಿಗೆ ತೆರಳುವ ಸದ್ಭಕ್ತರು ತಮ್ಮ ಊರಿನ ಗರಡಿಯ ಬಾಗಿಲು ತೆರೆದಿದೆಯೋ ಇಲ್ಲವೋ ಒಮ್ಮೆ ನೋಡಬೇಕೆಂದೂ, ತೆರೆದಿದ್ದಲ್ಲಿ ಮಣ್ಣಿಗೆ ಬೇಕಾದ ಎಣ್ಣೆ ಅರಿಸಿನಗಳನ್ನು ಒದಗಿಸಿ, ಮನೆಯ ಹುಡುಗನೊಬ್ಬನನ್ನು ಬೆಳಗಿನ ಹೊತ್ತು ಅಗೆಯಲು ಕಳುಹಿಸಬೇಕೆಂದೂ ಪ್ರಾರ್ಥಿಸುತ್ತೇವೆ.