ಎರಡು ಕಂಬಗಳ ನಡುವಿನ ಓಟ



2025ರ ಜನವರಿ 19, ರವಿವಾರ. ದಿಲ್ಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಹೆಣ್ಣುಮಕ್ಕಳ ಮೊಟ್ಟಮೊದಲ ಖೋಖೋ ವಿಶ್ವಕಪ್ಪಿನ ಅಂತಿಮ ಪಂದ್ಯ. ಎದುರಿಗೆ ನೇಪಾಳ. ನಾನು ಟೀವಿಯ ಮುಂದೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿಕೊಂಡು, ಪೆನ್ನು ಹಿಡಿದು ಕುಳಿತಿದ್ದೆ. ಬ್ಯಾಂಕಿನಲ್ಲಿ ದುಡಿದು ಬಂದವನಿಗೆ ಅಂಕಿ ಕಂಡರೆ ಬರೆದುಕೊಳ್ಳದೆ ಸಮಾಧಾನವಿಲ್ಲ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಮೊದಲ ಸರದಿ ಮುಗಿದಾಗ ಭಾರತ 34, ನೇಪಾಳ ಸೊನ್ನೆ. ಎರಡನೆಯದು ಮುಗಿದಾಗ 35ಕ್ಕೆ 24. ಮೂರನೆಯದಕ್ಕೆ 73ಕ್ಕೆ 24. ಕೊನೆಗೆ 78ಕ್ಕೆ 40.

ಕೊನೆಯ ಸರದಿಯ ಆ ಐದು ಅಂಕಗಳ ಮಾತನ್ನೇ ಮೊದಲು ಹೇಳಬೇಕು. ನಾವು ಸಾಲಿಯ ಬಯಲಿನಲ್ಲಿ ಆಡಿದ ಖೋಖೋದಲ್ಲಿ ಬೆನ್ನಟ್ಟುವವರಿಗೆ ಮಾತ್ರ ಅಂಕ ಸಿಗುತ್ತಿತ್ತು. ಓಡುವವನಿಗೆ ಸಿಗುತ್ತಿದ್ದುದು ದಣಿವು ಒಂದೇ. ಈ ವಿಶ್ವಕಪ್ಪಿನ ನಿಯಮ ಬೇರೆ. ಏಳೇಳು ನಿಮಿಷಗಳ ನಾಲ್ಕು ಸರದಿ. ಓಡುವವರ ಒಂದು ತಂಡ ಮೂರು ನಿಮಿಷ ಸಿಕ್ಕದೆ ಉಳಿದರೆ ಅವರಿಗೂ ಒಂದು ಅಂಕ, ಅಲ್ಲಿಂದ ಮುಂದೆ ಅರ್ಧ ಅರ್ಧ ನಿಮಿಷಕ್ಕೆ ಇನ್ನೊಂದೊಂದು. ಇದಕ್ಕೆ ಡ್ರೀಮ್ ರನ್ ಎಂದು ಹೆಸರು. ಆ ದಿನ ಐದು ನಿಮಿಷಕ್ಕೂ ಮೀರಿ ಸಿಕ್ಕದೆ ಉಳಿದ ತಂಡದಲ್ಲಿ ಇದ್ದವಳು ಚೈತ್ರಾ. ಮೈಸೂರು ಜಿಲ್ಲೆ ತಿ. ನರಸೀಪುರ ತಾಲೂಕಿನ ಕುರುಬೂರಿನ ಹುಡುಗಿ. ಪಂದ್ಯದ ಉತ್ತಮ ಆಟಗಾರ್ತಿ ಎಂಬ ಗೌರವವೂ ಅವಳಿಗೇ ಬಂತು. ಕಪ್ಪು ಎತ್ತಿದ ನಾಯಕಿ ಪ್ರಿಯಾಂಕಾ ಇಂಗಳೆ ಪುಣೆಯ ಕಡೆಯವಳು. ಒಬ್ಬಳು ಕನ್ನಡತಿ, ಒಬ್ಬಳು ಮರಾಠಿ ಮನೆಯವಳು. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಮಾತಾಡುವ ನಮ್ಮಂಥವರಿಗೆ ಇದಕ್ಕಿಂತ ಹೆಚ್ಚಿನ ಹಬ್ಬ ಯಾವುದಿದ್ದೀತು?

ಈ ಆಟ ಬೆಳೆದದ್ದು ನಮ್ಮ ಮಗ್ಗಲಿನಲ್ಲೇ. ಹಿಂದಿನ ಶತಮಾನದ ಮೊದಲ ದಶಕಗಳಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದವರು ಇದಕ್ಕೆ ಅಳತೆ, ನಿಯಮ ಎಂದು ಒಂದು ಕಟ್ಟು ಹಾಕಿದರು. 1936ರಲ್ಲಿ ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳದ ತರುಣರು ಬರ್ಲಿನ್ನಿಗೆ ಹೋಗಿ ನಮ್ಮ ದೇಶೀ ಆಟಗಳನ್ನು ಪರದೇಶದವರಿಗೆ ತೋರಿಸಿ ಬಂದರು. ಸ್ವಾತಂತ್ರ್ಯ ಬಂದ ಮೇಲೆ, 1959-60ರಲ್ಲಿ, ವಿಜಯವಾಡದಲ್ಲಿ ಗಂಡಸರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಹೆಣ್ಣುಮಕ್ಕಳದು ಯಾವಾಗ? ಮರುವರ್ಷವೇ, 1960-61ರಲ್ಲಿ. ಎಲ್ಲಿ? ನಮ್ಮ ಕೊಲ್ಹಾಪುರದಲ್ಲಿ!

ಒಂದೇ ವರ್ಷದ ಅಂತರ. ಇದು ಎಷ್ಟು ದೊಡ್ಡ ಮಾತು ಎಂಬುದು ಬೇರೆ ಆಟದ ಜೊತೆಗೆ ತೂಗಿ ನೋಡಿದಾಗ ತಿಳಿಯುತ್ತದೆ. ಐಸ್ ಹಾಕಿ ಎಂದು ಒಂದು ಆಟವಿದೆ. ಹೆಪ್ಪುಗಟ್ಟಿದ ನೀರಿನ ಮೇಲೆ, ಬೂಟಿನ ತಳಕ್ಕೆ ಉಕ್ಕಿನ ಅಲಗು ಕಟ್ಟಿಕೊಂಡು, ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟ. ಜತ್ತ ತಾಲೂಕಿನ ನಮಗೆ ಬರ್ಫ ಎಂದರೆ ಗುಡ್ಡಾಪುರದ ಜಾತ್ರೆಯ ಗೋಳಾ ಗಾಡಿಯೇ ಹೊರತು ಬೇರೆ ಗೊತ್ತಿಲ್ಲ, ಇರಲಿ. ಈ ಆಟವನ್ನು ಗಂಡಸರು 1920ರ ಒಲಿಂಪಿಕ್ಸಿನಲ್ಲೇ ಆಡಿದ್ದರು. ಹೆಣ್ಣುಮಕ್ಕಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1990ರಲ್ಲಿ, ಕೆನಡಾದ ಒಟ್ಟಾವದಲ್ಲಿ. ಎಪ್ಪತ್ತು ವರ್ಷ ತಡವಾಗಿ! ಅಂತಿಮ ಪಂದ್ಯದಲ್ಲಿ ಕೆನಡಾ ಅಮೆರಿಕೆಯನ್ನು 5-2ರಿಂದ ಸೋಲಿಸಿತು. ಕೆನಡಾದ ಆಟಗಾರ್ತಿಯರಿಗೆ ಆಗ ಗುಲಾಬಿ ಬಣ್ಣದ ಅಂಗಿ ತೊಡಿಸಿದ್ದರು. ಒಲಿಂಪಿಕ್ಸಿನೊಳಗೆ ಕಾಲಿಡಲು ಅವರು ಮತ್ತೆ 1998ರವರೆಗೆ ಕಾಯಬೇಕಾಯಿತು.

ಆ ಬರ್ಫದ ಆಟ ನಮ್ಮ ದೇಶದಲ್ಲೂ ಇದೆ. ಲಡಾಖದ ಹುಡುಗಿಯರೇ ಹೆಚ್ಚಾಗಿರುವ ಭಾರತದ ತಂಡ 2016ರಲ್ಲಿ ತೈಪೆಯಲ್ಲಿ ಮೊದಲ ಸಲ ಅಂತರರಾಷ್ಟ್ರೀಯ ಪಂದ್ಯಾವಳಿ ಆಡಿತು. 2025ರಲ್ಲಿ ಅರಬರ ನಾಡಿನ ಅಲ್ ಐನ್‌ನಲ್ಲಿ ಏಷ್ಯಾ ಕಪ್ಪಿನ ಕಂಚು ಗೆದ್ದಿತು. ಅವರೂ ಗಡಿಯವರು. ಆ ಸುದ್ದಿಯನ್ನು ನಾನು ಎರಡು ಸಲ ಓದಿಕೊಂಡೆ.

ಹಾಗಾದರೆ ಖೋಖೋದಲ್ಲಿ ಹೆಣ್ಣುಮಕ್ಕಳಿಗೆ ಎಲ್ಲವೂ ಸಲೀಸಾಗಿ ಸಿಕ್ಕಿತೇ? ಪಂದ್ಯಾವಳಿ ಸಿಕ್ಕಿತು, ಮನೆಯ ಒಪ್ಪಿಗೆ ಸಿಗಲಿಲ್ಲ.

1970ರ ದಶಕದಲ್ಲಿ ನಮ್ಮ ಸಾಲಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ, ಈಗ ಅವಳಿಗೆ ಮೊಮ್ಮಕ್ಕಳು. ಪರಕಾರವನ್ನು ಎತ್ತಿ ಸೊಂಟಕ್ಕೆ ಸಿಗಿಸಿಕೊಂಡು ಓಡಲಿಕ್ಕೆ ನಿಂತಳೆಂದರೆ ಹುಡುಗರ ಗುಂಪಿಗೂ ಕೈಗೆ ಸಿಗುತ್ತಿರಲಿಲ್ಲ. ಕಂಬದ ಹತ್ತಿರ ಬಂದು ಎಡಕ್ಕೆ ಹೋಗುವಳಂತೆ ಮೈ ಬಾಗಿಸಿ ಬಲಕ್ಕೆ ಹಾರುವಳು. ಹಿಂದೆ ಬಂದವ ಕಂಬ ತಬ್ಬಿಕೊಂಡು ನಿಲ್ಲುವನು. ತಾಲೂಕಿನ ತಂಡಕ್ಕೆ ಆರಿಸಿ ಸಾಂಗ್ಲಿಗೆ ಕರೆದರು. ಮನೆಯವರು ಕಳಿಸಲಿಲ್ಲ. ಸಾಲಿಯವರೂ ಹೋಗಿ ಒಂದು ಮಾತು ಹೇಳಲಿಲ್ಲ. ಆ ವರ್ಷವೇ ಲಗ್ನವಾಯಿತು.

ಎಷ್ಟೋ ವರ್ಷಗಳ ಮೇಲೆ ನಾನು ಕೌಂಟರಿನಲ್ಲಿ ಕುಳಿತಾಗ ಪಾಸ್‌ಬುಕ್ ಹಿಡಿದು ಅವಳೇ ಬಂದಳು. ಗುರುತು ಹತ್ತಿತು. ಆಟದ ಮಾತು ತೆಗೆದೆ. ನಕ್ಕಳು. "ಅಣ್ಣಾ, ಸಾಂಗ್ಲಿ ನಾ ಇನ್ನೂ ನೋಡಿಲ್ಲ ನೋಡ" ಎಂದಳು. ಹಿಂದೆ ಪಾಳಿ ಉದ್ದ ಇತ್ತು. ಪಾಸ್‌ಬುಕ್ ತುಂಬಿ ಕೊಟ್ಟೆ, ಹೋದಳು.

ದಿಲ್ಲಿಯ ಪಂದ್ಯ ನೋಡುವಾಗ, ಚೈತ್ರಾ ಆ ಕಂಬದ ಸುತ್ತ ತಿರುಗುವಾಗ, ಅವಳೇ ನೆನಪಾದಳು.

ಓಡಿದವರಿಗೂ ದೇಶ ಬೇಗ ಮನ್ನಣೆ ಕೊಟ್ಟಿತೆಂದು ಹೇಳಲಾರೆ. 1971ರಲ್ಲಿ ಅಚಲಾ ದೇವರೆ ಅರ್ಜುನ ಪ್ರಶಸ್ತಿ ಪಡೆದರು. 1998ರಲ್ಲಿ ಕರ್ನಾಟಕದ ಶೋಭಾ ನಾರಾಯಣ ಪಡೆದರು. ಆಮೇಲೆ 22 ವರ್ಷ ಖೋಖೋದ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. 2020ರಲ್ಲಿ ಧಾರಾಶಿವದ ಸಾರಿಕಾ ಕಾಳೆ ಆ ಬಾಗಿಲನ್ನು ಮತ್ತೆ ತೆಗೆಸಿದರು. 2022ರಲ್ಲಿ ಪುಣೆಯಲ್ಲಿ ದೊಡ್ಡ ರೊಕ್ಕದ ಖೋಖೋ ಲೀಗ್ ಶುರುವಾಯಿತು, ಅದು ಗಂಡಸರದು.

ಆದ್ದರಿಂದ ವಿಶ್ವಕಪ್ಪು ನಡೆದಾಗ ಹೆಣ್ಣು ಗಂಡು ಇಬ್ಬರದೂ ಒಂದೇ ಅಂಗಳದಲ್ಲಿ, ಒಂದೇ ವಾರದಲ್ಲಿ ನಡೆದದ್ದು ಸಣ್ಣ ಸಂಗತಿಯಲ್ಲ. 23 ದೇಶಗಳು ಬಂದವು. ಗಂಡಸರ ತಂಡ 20, ಹೆಣ್ಣುಮಕ್ಕಳ ತಂಡ 19. ನಮ್ಮ ಹುಡುಗಿಯರು ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 175-18ರಿಂದ ಸೋಲಿಸಿದರು. ಪಾಪ, ಕೊರಿಯಾದವರು ಈ ಆಟಕ್ಕೆ ಹೊಸಬರು. ಉಪಾಂತ್ಯದಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 66-16. ಅಂತಿಮ ಪಂದ್ಯದ ದಿನ ಗಂಡಸರೂ ನೇಪಾಳವನ್ನು 54-36ರಿಂದ ಗೆದ್ದರು.

ಮುಂದಿನ ಮಾತು ಸ್ವಲ್ಪ ಕಹಿ. ಗೆದ್ದವರು ಊರಿಗೆ ಬಂದರು. ಮಹಾರಾಷ್ಟ್ರ ಸರಕಾರ ತನ್ನ ಆಟಗಾರರಿಗೆ ತಲಾ ಎರಡೂಕಾಲು ಕೋಟಿ ರೂಪಾಯಿ ಮತ್ತು ಸರಕಾರಿ ನೌಕರಿ ಎಂದು ಸಾರಿತು. ಕರ್ನಾಟಕ ಸರಕಾರ ಚೈತ್ರಾಳಿಗೂ ಗಂಡಸರ ತಂಡದ ಗೌತಮನಿಗೂ ತಲಾ ಐದು ಲಕ್ಷ ಎಂದಿತು. ಇಬ್ಬರೂ ಆ ರೊಕ್ಕ ಬೇಡ ಎಂದರು. ನಾನು ಅದೇ ಕ್ಯಾಲೆಂಡರ್ ಹಾಳೆಯ ಮೂಲೆಯಲ್ಲಿ ಭಾಗಿಸಿ ನೋಡಿದೆ: ಒಂದಕ್ಕೆ ನಲವತ್ತೈದು ಪಟ್ಟು. ಒಂದೇ ಪಂದ್ಯ, ಒಂದೇ ಪದಕ. ಬೇಡ ಎಂದದ್ದು ಸೊಕ್ಕು ಎಂದು ಕೆಲವರು ನಮ್ಮ ಕಟ್ಟೆಯ ಮೇಲೆ ಮಾತಾಡಿದರು. ನನಗೆ ಹಾಗೆ ಅನ್ನಿಸಲಿಲ್ಲ. ಐದು ಲಕ್ಷ ಬಡವರ ಮನೆಗೆ ಕಡಿಮೆ ರೊಕ್ಕವಲ್ಲ. ಅದನ್ನು ತಿರುಗಿಸಿ ಕೊಡಲು ಐದು ನಿಮಿಷ ಓಡುವುದಕ್ಕಿಂತ ಹೆಚ್ಚಿನ ಉಸಿರು ಬೇಕು.

ಗಡಿಯ ಈಚೆ ಕುಳಿತ ನಮಗೆ ಇದರಲ್ಲಿ ಇನ್ನೊಂದು ತಮಾಷೆಯಿದೆ. ಉಮದಿಯಲ್ಲೋ ಸಂಖದಲ್ಲೋ ಕನ್ನಡ ಸಾಲಿ ಕಲಿತ ಹುಡುಗಿ ನಾಳೆ ಆಡಿದರೆ ಮಹಾರಾಷ್ಟ್ರದ ಅಂಗಿ ತೊಟ್ಟು ಆಡುತ್ತಾಳೆ. ನಿಪ್ಪಾಣಿಯ ಮರಾಠಿ ಮನೆಯ ಹುಡುಗಿ ಕರ್ನಾಟಕದ ಅಂಗಿ ತೊಡುತ್ತಾಳೆ. ಬೆನ್ನು ಮುಟ್ಟಿ "ಖೋ" ಎನ್ನುವಾಗ ಮಾತ್ರ ಇಬ್ಬರದೂ ಒಂದೇ ಶಬ್ದ.

ಈಗ ನಮ್ಮೂರ ಸಾಲಿಯ ಬಯಲಿನಲ್ಲಿ ಎರಡು ಕಂಬ ಹೊಸದಾಗಿ ನೆಟ್ಟಿದ್ದಾರೆ. ಸಂಜೆ ಐದಕ್ಕೆ ಹುಡುಗಿಯರು ಬರುತ್ತಾರೆ, ಪರಕಾರವಿಲ್ಲ, ಎಲ್ಲರೂ ಟ್ರ್ಯಾಕ್ ಪ್ಯಾಂಟಿನವರು. ಆ ದಿನ ಪಾಸ್‌ಬುಕ್ ಹಿಡಿದು ಬಂದಿದ್ದವಳ ಮೊಮ್ಮಗಳೂ ಅವರಲ್ಲಿ ಒಬ್ಬಳು. ಕಂಬದ ಹತ್ತಿರ ಎಡಕ್ಕೆ ಬಾಗಿ ಬಲಕ್ಕೆ ಹಾರುತ್ತಾಳೆ. ಕಳೆದ ವಾರ ಅವಳನ್ನು ಸಾಂಗ್ಲಿಗೆ ಆರಿಸಿದರಂತೆ. ಬಸ್ಸಿಗೆ ಅಜ್ಜಿಯೂ ಹತ್ತಿದಳೆಂದು ಕೇಳಿದೆ.