ಎದೆಗೆ ಆಪರೇಷನ್, ಬೆನ್ನಿಗೆ ಪಟ್ಟಿ

ಹೋದ ವರ್ಷ ನನ್ನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯ್ತು. ನೋಡಲು ಹೋದರೆ ಬೆನ್ನಿನ ಮೇಲೆ ಮೊಳದುದ್ದ ಪಟ್ಟಿ! ಗಡ್ಡೆ ಇದ್ದದ್ದು ಎದೆಯಲ್ಲಿ, ಹೊಲಿಗೆ ಬೆನ್ನಿನಲ್ಲಿ ಯಾಕೆ? "ಹಿಂದಿನದನ್ನ ಮುಂದಕ್ಕೆ ತಂದು ಹೊಲಿದಿದ್ದಾರಂತೆ ಕಣೋ, ಹಳೇ ಸೀರೆಗೆ ತೇಪೆ ಹಾಕ್ತೀವಲ್ಲ ಹಾಗೆ" ಅಂದ್ರು ಚಿಕ್ಕಮ್ಮ.

ನಾನು ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡವನು. ಹಾಗಾಗಿ ಇಲ್ಲಿ ಯಾರೂ ವೈದ್ಯಕೀಯ ಸಲಹೆ ಹುಡುಕಬೇಡಿ. ಆದರೆ ಆ ತೇಪೆಯ ಚರಿತ್ರೆ ಓದುತ್ತಾ ಹೋದ ಹಾಗೆ ಎರಡು ರಾತ್ರಿ ನಿದ್ದೆ ಕೆಟ್ಟಿತು.

ಇಟಲಿಯ ಮಿಲಾನ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಪಾವಿಯಾ ಅಂತ ಒಂದು ಹಳೇ ವಿಶ್ವವಿದ್ಯಾಲಯದ ಊರು. ಇಜಿನಿಯೊ ತಾನ್ಸಿನಿ (1855-1943) ಅಲ್ಲಿ ಸರ್ಜರಿಯ ಪ್ರೊಫೆಸರ್. ಸ್ತನದ ಕ್ಯಾನ್ಸರ್ ಚರ್ಮದಲ್ಲೂ ಹರಡಿರುತ್ತದೆ, ಆದ್ದರಿಂದ ಅಲ್ಲಿನ ಚರ್ಮವನ್ನೆಲ್ಲ ತೆಗೆಯಲೇಬೇಕು ಅನ್ನೋದು ಆತನ ನಂಬಿಕೆ. ತೆಗೆದ ಮೇಲೆ ಉಳಿಯುವ ಅಷ್ಟು ದೊಡ್ಡ ಗಾಯವನ್ನು ಮುಚ್ಚೋದು ಯಾವುದರಿಂದ? 1896ರಲ್ಲಿ ಬೆನ್ನಿನ ಚರ್ಮವನ್ನು ಒಂದು ಬದಿ ಅಂಟಿಕೊಂಡಿರುವಂತೆ ಎಬ್ಬಿಸಿ ಎದೆಗೆ ತಿರುಗಿಸುವ ವಿಧಾನವನ್ನು ಪ್ರಕಟಿಸಿದ.

ಐಡಿಯಾ ಹೊಸದೇನಲ್ಲ. ಮೂರನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸಿಕ್ಕಿ ಮೂಗು ಕಳೆದುಕೊಂಡ ಕವಾಸ್‌ಜೀ ಎಂಬ ಎತ್ತಿನ ಗಾಡಿಯವನಿಗೆ, ಪುಣೆಯ ಹತ್ತಿರ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿದ್ದರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅದು ಚಿತ್ರ ಸಮೇತ ಅಚ್ಚಾಗಿ, ಯುರೋಪಿನ ಸರ್ಜನ್ನರೆಲ್ಲ ಕಣ್ಣರಳಿಸಿದ್ದರು. ಆದರೆ ಮೂಗು ಚಿಕ್ಕದು, ಎದೆ ದೊಡ್ಡದು ನೋಡಿ. ಉದ್ದದ ಚರ್ಮದ ತುದಿಯವರೆಗೆ ರಕ್ತ ಹೋಗಬೇಕಲ್ಲ? ಹೋಗಲಿಲ್ಲ. ತಾನ್ಸಿನಿಯ ತೇಪೆಯ ತುದಿ ಕಪ್ಪಾಗಿ ಸತ್ತುಹೋಗುತ್ತಿತ್ತು.

ಆತನ ದೊಡ್ಡತನ ನನಗೆ ಕಂಡದ್ದು ಇಲ್ಲಿ. ಸೋತ ವಿಧಾನವನ್ನು ಬಿಸಾಡಲಿಲ್ಲ, ಯಾಕೆ ಸೋತಿತು ಅಂತ ಹುಡುಕಿದ (ನಮ್ಮ ಭಾಷೆಯಲ್ಲಿ ಡೀಬಗ್ ಮಾಡಿದ!). ಹೆಣಗಳ ಮೇಲೆ ರಕ್ತನಾಳಗಳ ದಾರಿ ಹಿಡಿದು ನೋಡಿದಾಗ, ಬೆನ್ನಿನ ಅಗಲವಾದ ಸ್ನಾಯುವಿಗೆ (ಲ್ಯಾಟಿಸಿಮಸ್ ಡಾರ್ಸಿ) ಕಂಕುಳಿಂದ ರಕ್ತನಾಳ ಬರುತ್ತದೆ, ಮೇಲಿನ ಚರ್ಮಕ್ಕೂ ಆ ಸ್ನಾಯುವಿನ ಮೂಲಕವೇ ರಕ್ತ ಸಿಗುತ್ತದೆ ಅಂತ ಗೊತ್ತಾಯ್ತು. ಹಾಗಾದರೆ ಚರ್ಮ ಒಂದನ್ನೇ ಯಾಕೆ, ಸ್ನಾಯುವನ್ನೂ ಜೊತೆಗೇ ತಂದರಾಯ್ತು! ಕಂಕುಳ ಹತ್ತಿರ ನಾಳ ಕತ್ತರಿಸದೆ ಇಡೀ ತುಂಡನ್ನು ಬಾಗಿಲ ಹಾಗೆ ಮುಂದಕ್ಕೆ ತಿರುಗಿಸುವುದು. 1906ರಲ್ಲಿ ಇದನ್ನು ಪ್ರಕಟಿಸಿದ. ಅದೇ ವರ್ಷ ಪಾವಿಯಾದ ಇನ್ನೊಬ್ಬ ಪ್ರೊಫೆಸರ್ ಗಾಲ್ಜಿಗೆ ನೊಬೆಲ್ ಬಂತು. ಊರಿನ ಗದ್ದಲವೆಲ್ಲ ಅತ್ತ ಕಡೆ ಇದ್ದಿರಬೇಕು.

ಯುರೋಪಿನಲ್ಲಿ ಕೆಲವು ವರ್ಷ ತಾನ್ಸಿನಿಯ ವಿಧಾನ ನಡೆಯಿತು. ಆಮೇಲೆ ಮರೆತೇಹೋಯ್ತು. ಅದಕ್ಕೆ ಮುಖ್ಯ ಕಾರಣ ಅಮೆರಿಕಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುವುದು ಈತನ ವಿಧಾನ. 1894ರಲ್ಲಿ 50 ರೋಗಿಗಳ ಫಲಿತಾಂಶ ಪ್ರಕಟಿಸಿದಾಗ, ಆಪರೇಷನ್ ಆದ ಜಾಗದಲ್ಲೇ ಕ್ಯಾನ್ಸರ್ ಮರುಕಳಿಸಿದ್ದು ಮೂವರಿಗೆ ಮಾತ್ರ. ಆ ಕಾಲಕ್ಕೆ ಅದು ನಂಬಲಾಗದ ಸಂಖ್ಯೆ, ಆತನ ಮಾತೇ ವೇದವಾಯ್ತು. ಗಾಯವನ್ನು ಇಂಥ ತೇಪೆಗಳಿಂದ ಮುಚ್ಚುವುದನ್ನು ಹಾಲ್‌ಸ್ಟೆಡ್ ಕಡುವಾಗಿ ವಿರೋಧಿಸಿದ. ತೊಡೆಯಿಂದ ತೆಗೆದ ತೆಳು ಚರ್ಮ ಸಾಕು, ಹೆಂಗಸು ಬದುಕಿದರೆ ಸಾಕು. ಪಕ್ಕೆಲುಬು ಕಾಣುವ ಎದೆ ಹೊತ್ತು ಆಕೆ ಮುಂದಿನ ಮೂವತ್ತು ವರ್ಷ ಹೇಗಿರುತ್ತಾಳೆ ಅಂತ ಯಾರೂ ಕೇಳಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

1976ರಲ್ಲಿ ಜರ್ಮನಿಯಲ್ಲಿ ಒಲಿವಾರಿ ಎಂಬ ಸರ್ಜನ್, ರೇಡಿಯೇಷನ್‌ನಿಂದಾದ ಎದೆಯ ಹುಣ್ಣುಗಳನ್ನು ಮುಚ್ಚಲು ಇದೇ ಸ್ನಾಯುವನ್ನು ಬಳಸಿದ. ಮರುವರ್ಷ ಅಮೆರಿಕಾದವರು ಅದರಿಂದ ಸ್ತನವನ್ನೇ ಕಟ್ಟಿದರು. ಹೊಸ ಶೋಧ ಅಂತ ಎಲ್ಲರೂ ಸಂಭ್ರಮಿಸಿದ ಮೇಲೆ, 1980ರಲ್ಲಿ ಮ್ಯಾಕ್ಸ್‌ವೆಲ್ ಎಂಬ ಸರ್ಜನ್ ಹಳೇ ಲೇಖನಗಳನ್ನು ಕೆದಕಿ, ಇದನ್ನು ತಾನ್ಸಿನಿ ಎಂದೋ ಬರೆದಿಟ್ಟಿದ್ದಾನೆ ಅಂತ ತೋರಿಸಿದ. ಎಪ್ಪತ್ತು ವರ್ಷ!

ತಾನ್ಸಿನಿಯನ್ನು ದೇವರು ಮಾಡುವುದೂ ಬೇಡ. ಅಷ್ಟೆಲ್ಲ ಚರ್ಮ ತೆಗೆಯಬೇಕು ಅನ್ನೋ ಅವನ ಲೆಕ್ಕ ಕೂಡ ತಪ್ಪೇ. 1981ರಲ್ಲಿ ಪಕ್ಕದ ಮಿಲಾನ್‌ನ ವೆರೊನೇಸಿ, 701 ಹೆಂಗಸರ ಮೇಲಿನ ಅಧ್ಯಯನದಲ್ಲಿ, ಗಡ್ಡೆ ಚಿಕ್ಕದಿದ್ದಾಗ ಸ್ತನದ ಒಂದು ಭಾಗ ತೆಗೆದು ರೇಡಿಯೇಷನ್ ಕೊಟ್ಟರೂ ಹಾಲ್‌ಸ್ಟೆಡ್ ವಿಧಾನದಷ್ಟೇ ಕಾಲ ಬದುಕುತ್ತಾರೆ ಅಂತ ತೋರಿಸಿದ. ಇಬ್ಬರು ಪ್ರೊಫೆಸರುಗಳೂ ಬೇಕಾದ್ದಕ್ಕಿಂತ ಹೆಚ್ಚೇ ಕತ್ತರಿಸಿದ್ದರು. ಒಬ್ಬ ಮಾತ್ರ ಕತ್ತರಿಸಿದ ಮೇಲೆ ಮುಚ್ಚುವ ದಾರಿಯನ್ನೂ ಬಿಟ್ಟುಹೋದ.

ಇದನ್ನೆಲ್ಲ ಮೊನ್ನೆ ಚಿಕ್ಕಮ್ಮನಿಗೆ ಹೇಳಿದೆ. ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡರು. ಇಟಲಿ, ನೊಬೆಲ್ ಯಾವುದೂ ಅವರ ತಲೆಗೆ ಹೋದ ಹಾಗೆ ಕಾಣಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ: "ಆ ಮೊದಲು ತೇಪೆ ಕಪ್ಪಾಯ್ತು ಅಂದ್ಯಲ್ಲ, ಆ ಹೆಂಗಸಿನ ಗತಿ ಏನಾಯ್ತೋ ಪಾಪ?"