ಗಡ್ಡೆಯ ರಕ್ತನಾಳಗಳಲ್ಲಿ ವಂಶವಾಹಿಗಳ ಅಭಿವ್ಯಕ್ತಿ

ಗಡ್ಡೆಯ ರಕ್ತನಾಳಗಳಲ್ಲಿ ವಂಶವಾಹಿಗಳ ಅಭಿವ್ಯಕ್ತಿ ಎಂಬುದು ಕ್ಯಾನ್ಸರ್ ಗಡ್ಡೆಯು ತನ್ನ ಸುತ್ತಲಿನ ರಕ್ತನಾಳಗಳ ಜೀವಕೋಶಗಳಲ್ಲಿ ಉಂಟುಮಾಡುವ ಬದಲಾವಣೆಗಳ ಅಧ್ಯಯನವಾಗಿದೆ. ಕ್ಯಾನ್ಸರ್ ಜೀವಕೋಶಗಳು ಡಿ.ಎನ್.ಎ.ಯಲ್ಲಿನ ದೋಷಗಳಿಂದ ಹುಟ್ಟುತ್ತವೆ. ರಕ್ತನಾಳದ ಜೀವಕೋಶಗಳಲ್ಲಿ ಬಹುಮಟ್ಟಿಗೆ ಬದಲಾಗುವುದು ಡಿ.ಎನ್.ಎ.ಯ ಬರಹವಲ್ಲ, ಯಾವ ವಂಶವಾಹಿ ಕೆಲಸಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ನಿಯಂತ್ರಣ. ಆದುದರಿಂದಲೇ ಔಷಧಗಳ ಮೂಲಕ ಈ ಬದಲಾವಣೆಯನ್ನು ತಡೆಯುವ ಪ್ರಯತ್ನಗಳು ನಡೆದಿವೆ.

## ಹಿನ್ನೆಲೆ

ರಕ್ತನಾಳಗಳ ಒಳಮೈಯನ್ನು ಎಂಡೋಥೀಲಿಯಲ್ ಜೀವಕೋಶಗಳ ಒಂದೇ ಪದರವು ಆವರಿಸಿದೆ. ಆರೋಗ್ಯವಂತ ವಯಸ್ಕರಲ್ಲಿ ಇವು ವಿಭಜನೆಗೊಳ್ಳುವುದು ಅಪರೂಪ. ಗಾಯ ಮಾಯುವಾಗ ಹಾಗೂ ಗರ್ಭಧಾರಣೆಯಂತಹ ಸಂದರ್ಭಗಳಲ್ಲಿ ಮಾತ್ರ ಇವು ಚುರುಕಾಗಿ ಹೊಸ ನಾಳಗಳನ್ನು ರೂಪಿಸುತ್ತವೆ. ಹೊಸ ರಕ್ತನಾಳಗಳ ನೆರವಿಲ್ಲದೆ ಗಡ್ಡೆಯು ಕೆಲವೇ ಮಿಲಿಮೀಟರುಗಳಿಗಿಂತ ಹೆಚ್ಚು ಬೆಳೆಯಲಾರದು ಎಂಬ ವಾದವನ್ನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದರು.

## ಸಂಕೇತಗಳು

ಬೆಳೆಯುತ್ತಿರುವ ಗಡ್ಡೆಯ ಒಳಭಾಗಕ್ಕೆ ಆಮ್ಲಜನಕ ಸಾಲದಾಗುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ನಾಶವಾಗುವ ಎಚ್‌ಐಎಫ್ ಎಂಬ ಪ್ರೋಟೀನು ಕೊರತೆಯ ಸಂದರ್ಭದಲ್ಲಿ ಉಳಿದುಕೊಂಡು, ವಿಇಜಿಎಫ್ ಎಂಬ ಬೆಳವಣಿಗೆಯ ಅಂಶದ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಜೀವಕೋಶಗಳು ಆಮ್ಲಜನಕದ ಮಟ್ಟವನ್ನು ಗ್ರಹಿಸುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಗಡ್ಡೆಯಿಂದ ಹೊರಟ ವಿಇಜಿಎಫ್, ಎಂಡೋಥೀಲಿಯಲ್ ಜೀವಕೋಶಗಳ ಮೇಲ್ಮೈಯಲ್ಲಿರುವ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಹೊರಟ ಸಂಕೇತವು ಕೋಶಕೇಂದ್ರವನ್ನು ತಲುಪಿ ವಂಶವಾಹಿಗಳ ಚಟುವಟಿಕೆಯನ್ನು ಬದಲಿಸುತ್ತದೆ.

## ಬದಲಾಗುವ ವಂಶವಾಹಿಗಳು

2000ದಲ್ಲಿ ಅಮೆರಿಕದ ಸಂಶೋಧಕರು ಮನುಷ್ಯರ ದೊಡ್ಡ ಕರುಳಿನ ಗಡ್ಡೆಯಿಂದಲೂ ಆರೋಗ್ಯಕರ ಭಾಗದಿಂದಲೂ ಎಂಡೋಥೀಲಿಯಲ್ ಜೀವಕೋಶಗಳನ್ನು ಬೇರ್ಪಡಿಸಿ ಹೋಲಿಸಿದರು. ಒಟ್ಟು 79 ವಂಶವಾಹಿ ಪ್ರತಿಗಳ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬಂದಿತು. ಅವುಗಳಲ್ಲಿ 46 ಗಡ್ಡೆಯ ನಾಳಗಳಲ್ಲಿ ಹೆಚ್ಚಾಗಿದ್ದವು.

ಪ್ರಮುಖ ಬದಲಾವಣೆಗಳು ಹೀಗಿವೆ:

* ಹೆಚ್ಚಳ: ಸುತ್ತಲಿನ ಅಂಗಾಂಶವನ್ನು ಕರಗಿಸಿ ದಾರಿ ಮಾಡಿಕೊಡುವ ಕಿಣ್ವಗಳು ಮತ್ತು ನಾಳದ ಗೋಡೆಯ ಬಿಗಿತವನ್ನು ಸಡಿಲಿಸುವ ಆಂಜಿಯೊಪೊಯೆಟಿನ್-2.
* ಇಳಿಕೆ: ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಳ್ಳಲು ಬೇಕಾದ ಐಸಿಎಎಂ-1ನಂತಹ ಪ್ರೋಟೀನುಗಳು. ಇದರಿಂದ ರೋಗನಿರೋಧಕ ಕಣಗಳು ಗಡ್ಡೆಯೊಳಗೆ ನುಗ್ಗುವುದು ಕಷ್ಟವಾಗುತ್ತದೆ.
* ವಂಶವಾಹಿಗೆ ಬೀಗ: ವಿಇಜಿಎಫ್ ಪ್ರಭಾವದಿಂದ ಇಝಡ್‌ಎಚ್2 ಎಂಬ ಕಿಣ್ವ ಹೆಚ್ಚಿ, ನಾಳಗಳ ಬೆಳವಣಿಗೆಗೆ ಕಡಿವಾಣ ಹಾಕುವ ವಾಸೊಹಿಬಿನ್-1 ವಂಶವಾಹಿಯನ್ನು ಮೌನಗೊಳಿಸುವುದು ಅಂಡಾಶಯದ ಕ್ಯಾನ್ಸರಿನ ಅಧ್ಯಯನದಲ್ಲಿ ತಿಳಿದುಬಂದಿದೆ.

ಹೀಗೆ ಅವಸರದಲ್ಲಿ ರೂಪುಗೊಂಡ ನಾಳಗಳು ಅಂಕುಡೊಂಕಾಗಿದ್ದು ಸೋರುತ್ತವೆ. ರಕ್ತ ಸಮನಾಗಿ ಹರಿಯದ ಕಾರಣ ಔಷಧಗಳೂ ಗಡ್ಡೆಯ ಎಲ್ಲ ಭಾಗಗಳನ್ನು ತಲುಪುವುದಿಲ್ಲ.

## ಮೈಸೂರಿನಲ್ಲಿ ಸಂಶೋಧನೆ

ನಂಜನಗೂಡು ಸೇರಿದಂತೆ ಮೈಸೂರು ಹಾಗೂ ಚಾಮರಾಜನಗರ ಜಿಲ್ಲೆಗಳಲ್ಲಿ ಅರಿಶಿನವನ್ನು ಬೆಳೆಯುತ್ತಾರೆ. ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕುರಿತು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭಾರತಿ ಪಿ. ಸಾಲಿಮಠ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು 2002ರಲ್ಲಿ ಪ್ರಕಟವಾಯಿತು. ಹೊಟ್ಟೆಯಲ್ಲಿ ಎರ್ಲಿಕ್ ಗಡ್ಡೆಯಿದ್ದ ಇಲಿಗಳಿಗೆ ಕರ್ಕ್ಯುಮಿನ್ ಚುಚ್ಚಿದಾಗ, ಹೊಟ್ಟೆಯಲ್ಲಿ ತುಂಬಿಕೊಳ್ಳುವ ದ್ರವವು ಶೇ. 66ರಷ್ಟು ಕಡಿಮೆಯಾಯಿತು. ಗಡ್ಡೆಯ ಜೀವಕೋಶಗಳಲ್ಲಿ ವಿಇಜಿಎಫ್ ವಂಶವಾಹಿಯ ಅಭಿವ್ಯಕ್ತಿ ತಗ್ಗಿತು. ಮಾನವ ಹೊಕ್ಕುಳಬಳ್ಳಿಯಿಂದ ಪಡೆದ ಎಂಡೋಥೀಲಿಯಲ್ ಜೀವಕೋಶಗಳಲ್ಲಿ ವಿಇಜಿಎಫ್‌ನ ಗ್ರಾಹಕವನ್ನು ರೂಪಿಸುವ ಕೆಡಿಆರ್ ವಂಶವಾಹಿಯ ಅಭಿವ್ಯಕ್ತಿಯೂ ತಗ್ಗಿತು. ಅಂದರೆ ಸಂಕೇತವನ್ನು ಕಳುಹಿಸುವ ಮತ್ತು ಸ್ವೀಕರಿಸುವ ಎರಡೂ ಕಡೆಗಳಲ್ಲಿ ಪರಿಣಾಮ ಕಂಡುಬಂದಿತು.

ಈ ಫಲಿತಾಂಶವು ಇಲಿ ಮತ್ತು ಪ್ರಯೋಗಾಲಯದ ಜೀವಕೋಶಗಳಿಗೆ ಸಂಬಂಧಿಸಿದ್ದು. ಬಾಯಿಯ ಮೂಲಕ ಸೇವಿಸಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪ. ಅಡುಗೆಯ ಅರಿಶಿನವಾಗಲಿ, ಅದರ ಮಾತ್ರೆಗಳಾಗಲಿ ಕ್ಯಾನ್ಸರ್ ಚಿಕಿತ್ಸೆಗೆ ಬದಲಿಯಲ್ಲ. ಚಿಕಿತ್ಸೆಯಲ್ಲಿರುವವರು ಇಂತಹ ಮಾತ್ರೆಗಳನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸುವುದು ಅಗತ್ಯ.

## ಚಿಕಿತ್ಸೆಯಲ್ಲಿ ಬಳಕೆ

ವಿಇಜಿಎಫ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಬೆವಸಿಝುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದೇಹದ ಇತರ ಭಾಗಗಳಿಗೆ ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿಗೆ ಇದನ್ನು ಕೀಮೋಥೆರಪಿಯೊಂದಿಗೆ ನೀಡಲಾಗುತ್ತದೆ. ರಕ್ತದೊತ್ತಡದ ಏರಿಕೆ, ರಕ್ತಸ್ರಾವ ಮತ್ತು ಗಾಯ ಮಾಯುವಲ್ಲಿ ವಿಳಂಬ ಇದರ ಅಡ್ಡಪರಿಣಾಮಗಳು. ಒಂದು ಸಂಕೇತವನ್ನು ತಡೆದಾಗ ಗಡ್ಡೆಯು ಬೇರೆ ಸಂಕೇತಗಳನ್ನು ಬಳಸಿಕೊಳ್ಳುವುದರಿಂದ ಔಷಧದ ಪರಿಣಾಮ ಕಾಲಕ್ರಮೇಣ ಕುಂದಬಹುದು. ಈ ಕಾರಣದಿಂದ, ನಾಳಗಳನ್ನು ಸಂಪೂರ್ಣವಾಗಿ ನಾಶಮಾಡುವ ಬದಲು ಅವುಗಳನ್ನು ಸಹಜ ಸ್ಥಿತಿಗೆ ಮರಳಿಸಿ, ಔಷಧಗಳೂ ರೋಗನಿರೋಧಕ ಕಣಗಳೂ ಗಡ್ಡೆಯನ್ನು ತಲುಪುವಂತೆ ಮಾಡುವ ವಿಧಾನವೂ ಅಧ್ಯಯನದಲ್ಲಿದೆ.